ಸಾಲಗಾಮೆ ರಸ್ತೆಯ ನೌಕರಿಗೆ ಊರಿನ ಸಾಲ ಅಡ್ಡ ಬಂದೀತೆ?

ಹಳ್ಳಿಮೈಸೂರು: ಬೆಳಗಿನ ಹಾಸನದ ಬಸ್ಸಿಗೆ ಕಾಯುವವರ ಕೈ ನೋಡಿದರೆ ಸಾಕು, ಹೋಬಳಿಯ ಸಮಾಚಾರ ಅರ್ಧ ತಿಳಿಯುತ್ತದೆ. ಒಬ್ಬರ ಕೈಯಲ್ಲಿ ಆಸ್ಪತ್ರೆ ಚೀಟಿ, ಇನ್ನೊಬ್ಬರ ಕೈಯಲ್ಲಿ ಪಹಣಿ, ಮತ್ತೊಬ್ಬರ ಸೆರಗಿನ ಗಂಟಿನಲ್ಲಿ ಅಡವಿಟ್ಟ ಒಡವೆಯ ರಸೀತಿ. ಇವರ ನಡುವೆ ಪ್ಲಾಸ್ಟಿಕ್ ಕವರಿನಲ್ಲಿ ಮಾರ್ಕ್ಸ್ ಕಾರ್ಡು ಹಿಡಿದ ಹುಡುಗನೊಬ್ಬ ಇದ್ದೇ ಇರುತ್ತಾನೆ. ಎಲ್ಲಿಗಪ್ಪಾ ಅಂದರೆ, "ವೆರಿಫಿಕೇಷನ್ ಐತೆ ಕಣಣ್ಣ" ಅನ್ನುತ್ತಾನೆ.

ಪರೀಕ್ಷೆ ಮುಗಿದಿದೆ, ಪಟ್ಟಿಯಲ್ಲಿ ಹೆಸರು ಬಂದಿದೆ, ಮನೆಯಲ್ಲಿ ಪಾಯಸವೂ ಆಗಿದೆ. ಇನ್ನುಳಿದದ್ದು ಕಾಗದದ ಕೆಲಸ. ಆದರೆ ಈ ಕಾಗದದ ಕೆಲಸವೇ ಎಷ್ಟೋ ಮನೆಗಳಲ್ಲಿ ರಾತ್ರಿಯ ನಿದ್ದೆ ಕೆಡಿಸುತ್ತದೆ. ಅಪ್ಪ ಹೊಗೆಸೊಪ್ಪಿಗೆ ಮಾಡಿದ ಸಾಲ, ಭಾವಮೈದುನನಿಗೆ ಹಾಕಿದ ಜಾಮೀನು, ಅರ್ಧಕ್ಕೇ ನಿಂತ ಬೈಕಿನ ಕಂತು... ಇವೆಲ್ಲ ನೌಕರಿಗೆ ಅಡ್ಡ ಬರುತ್ತವೆಯೇ?

ಬರುವುದಿಲ್ಲ ಎಂದರೂ ನಿಜ, ಬರುತ್ತವೆ ಎಂದರೂ ನಿಜ. ಯಾವ ಸಾಲ, ಯಾವ ನೌಕರಿ, ಮುಖ್ಯವಾಗಿ ಆ ಸಾಲ ಯಾವ ಹಂತಕ್ಕೆ ಹೋಗಿದೆ ಎಂಬುದರ ಮೇಲೆ ಉತ್ತರ ನಿಂತಿದೆ.

ಸಾಲಗಾರನ ಮೇಲೆ ಯಾಕೆ ಕಣ್ಣು?

ಹಾಸನದ ಸಾಲಗಾಮೆ ರಸ್ತೆಯಲ್ಲಿ 1982ರಿಂದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. ಜನರ ಬಾಯಲ್ಲಿ ಬರೀ ಎಂ.ಸಿ.ಎಫ್. ಸುಮಾರು 36,000 ಕಿ.ಮೀ. ಎತ್ತರದಲ್ಲಿರುವ ನಮ್ಮ ಉಪಗ್ರಹಗಳನ್ನು ಹಗಲೂ ರಾತ್ರಿ ಕಾಯುವ ಜಾಗ ಅದು. 2005ರಲ್ಲಿ ಭೋಪಾಲದಲ್ಲಿ ಇಂಥದೇ ಇನ್ನೊಂದು ಕೇಂದ್ರ ಆಗುವವರೆಗೆ ದೇಶಕ್ಕೆಲ್ಲ ಇದೊಂದೇ ಇತ್ತು. ರಸ್ತೆಯ ಹೆಸರಿನಲ್ಲೇ 'ಸಾಲ' ಇದ್ದರೂ, ಆ ಗೇಟು ದಾಟಿ ಒಳಗೆ ಹೋಗುವವನ ಸಾಲ ಎಷ್ಟೆಂದು ಯಾರಾದರೂ ಯಾಕೆ ಕೇಳಬೇಕು?

ಕಾರಣ ಸರಳ. ಸಾಲಗಾರ ಕೆಟ್ಟವನೆಂದಲ್ಲ, ಇಕ್ಕಟ್ಟಿನಲ್ಲಿ ಸಿಕ್ಕಿಬಿದ್ದವನನ್ನು ದುಡ್ಡು ತೋರಿಸಿ ಬಗ್ಗಿಸುವುದು ಸುಲಭ ಎಂದು. ಅಮೆರಿಕದ ಗೂಢಚರ್ಯೆ ಸಂಸ್ಥೆಯಲ್ಲಿದ್ದ ಆಲ್ಡ್ರಿಚ್ ಏಮ್ಸ್ ಎಂಬಾತ 1985ರಲ್ಲಿ ಸೋವಿಯತ್ ದೇಶಕ್ಕೆ ಗುಟ್ಟು ಮಾರಲು ಶುರುಮಾಡಿದ. ಸಾಲ ಹೆಗಲೇರಿತ್ತು, ಅದಕ್ಕೇ ಮಾಡಿದೆ ಎಂದು ಆಮೇಲೆ ಆತನೇ ಹೇಳಿದ. ಸಂಬಳಕ್ಕೆ ಮೀರಿದ ಮನೆಯನ್ನು ನಗದು ಕೊಟ್ಟು ಕೊಂಡರೂ ವರ್ಷಗಟ್ಟಲೆ ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಸಿಕ್ಕಿಬಿದ್ದದ್ದು 1994ರಲ್ಲಿ. ಇಂದು ಅಲ್ಲಿ ಗುಟ್ಟಿನ ಕೆಲಸಕ್ಕೆ ಸೇರುವವರನ್ನು 13 ಅಳತೆಗೋಲುಗಳಿಂದ ಅಳೆಯುತ್ತಾರೆ. ಅದರಲ್ಲೊಂದು ಪೂರ್ತಿ ಸಾಲಸೋಲಕ್ಕೇ ಮೀಸಲು.

ಇದು ದೂರದ ಮಾತೆಂದು ತಳ್ಳಿಹಾಕುವಂತಿಲ್ಲ. ನಮ್ಮ ಕಾರವಾರದ ನೌಕಾನೆಲೆಯ ಮಾಹಿತಿಯನ್ನು ದುಡ್ಡಿಗಾಗಿ ಪಾಕಿಸ್ತಾನದ ಕಡೆಯವರಿಗೆ ಕೊಟ್ಟ ಆರೋಪದ ಮೇಲೆ ರಾಷ್ಟ್ರೀಯ ತನಿಖಾ ದಳ 2025ರ ಫೆಬ್ರವರಿಯಲ್ಲಿ ಉತ್ತರ ಕನ್ನಡದ ಇಬ್ಬರನ್ನು ಹಿಡಿಯಿತು. ಹಣದ ಬಲೆ ಬೀಸುವವರಿಗೆ ದೊಡ್ಡ ಸಾಹೇಬರೇ ಬೇಕೆಂದಿಲ್ಲ.

ಫಾರಂ ಏನು ಕೇಳುತ್ತದೆ?

ಕೇಂದ್ರ ಸರ್ಕಾರದ ಕೆಲಸಕ್ಕೆ ಆಯ್ಕೆಯಾದವರು ತುಂಬಿಕೊಡಬೇಕಾದ ದೃಢೀಕರಣ ಫಾರಂ ಒಂದಿದೆ. ಊರು, ಕೇರಿ, ಅಪ್ಪ, ಅಮ್ಮ, ಓದಿದ ಶಾಲೆ, ಇದ್ದ ವಿಳಾಸ ಎಲ್ಲ ಕೇಳುತ್ತದೆ. ಅದನ್ನು ಹಿಡಿದು ಪೊಲೀಸರು ಗುಣನಡತೆ ವಿಚಾರಿಸುತ್ತಾರೆ. ಈ ಫಾರಮ್ಮಿನಲ್ಲಿ "ನಿಮಗೆ ಸಾಲ ಎಷ್ಟಿದೆ?" ಎಂಬ ಕಾಲಂ ಇಲ್ಲ. ಅಷ್ಟರ ಮಟ್ಟಿಗೆ ನಿರಾಳ.

ಆದರೆ ಇನ್ನೊಂದು ಕಾಲಂ ಇದೆ. ಎಂದಾದರೂ ಬಂಧನವಾಗಿತ್ತೇ? ಮೊಕದ್ದಮೆ ನಡೆದಿತ್ತೇ? ಈ ಫಾರಂ ತುಂಬುವ ಹೊತ್ತಿಗೆ ಯಾವುದಾದರೂ ನ್ಯಾಯಾಲಯದಲ್ಲಿ ನಿಮ್ಮ ಮೇಲೆ ಕೇಸು ಬಾಕಿ ಇದೆಯೇ? 'ಯಾವುದಾದರೂ ನ್ಯಾಯಾಲಯ' ಎಂಬ ಮಾತಿಗೆ ಅಡಿಗೆರೆ ಎಳೆದು ಓದಬೇಕು. ಹೊಡೆದಾಟದ ಕೇಸು ಮಾತ್ರ ಹೇಳಿದರೆ ಸಾಕು, ದುಡ್ಡಿನ ಕೇಸು ಹೇಳಬೇಕಾಗಿಲ್ಲ ಎಂದು ಅದರಲ್ಲೆಲ್ಲೂ ಬರೆದಿಲ್ಲ.

ಅಂದರೆ ಅಂಗಡಿಯ ಉದ್ರಿ ಪುಸ್ತಕದಲ್ಲಿರುವ ಸಾಲ ಫಾರಮ್ಮಿಗೆ ಬರುವುದಿಲ್ಲ. ಕೈಸಾಲವೂ ಬರುವುದಿಲ್ಲ. ಬ್ಯಾಂಕಿನ ಸಾಲವೂ, ಕಂತು ತಪ್ಪಿದ್ದರೂ, ಬರೀ ಸಾಲವಾಗಿಯೇ ಇರುವ ತನಕ ಬರುವುದಿಲ್ಲ. ಅದು ಕೋರ್ಟಿನ ಮೆಟ್ಟಿಲು ಹತ್ತಿದ ದಿನ ಮಾತ್ರ ಲೆಕ್ಕ ಬದಲಾಗುತ್ತದೆ.

ಖಾಲಿ ಚೆಕ್ಕಿನ ಕಥೆ

ಹೀಗೆಂದು ಇಟ್ಟುಕೊಳ್ಳಿ. ಒಂದು ಮನೆ. ತಂಗಿಯ ಮದುವೆಗೆ ದುಡ್ಡು ಸಾಲದೆ ಬಂದು, ಡಿಗ್ರಿ ಮುಗಿಸಿದ ಅಣ್ಣ ಪರಿಚಯದ ಅಂಗಡಿಯವರ ಹತ್ತಿರ ಒಂದು ಲಕ್ಷ ರೂ. ಕೈಸಾಲ ತಂದ. "ನಂಬಿಕೆಗೆ ಒಂದು ಚೆಕ್ಕು ಕೊಟ್ಟಿರಪ್ಪ" ಎಂದರು. ಮೊತ್ತವಿಲ್ಲ, ತಾರೀಖಿಲ್ಲ, ಕೆಳಗೆ ರುಜು ಮಾತ್ರ ಹಾಕಿ ಕೊಟ್ಟ. ಎರಡು ವರ್ಷ ಬಡ್ಡಿ ಕಟ್ಟಿದ, ಆಮೇಲೆ ಕಟ್ಟಲಾಗಲಿಲ್ಲ. ಅಂಗಡಿಯವರಿಗೂ ಅವರ ತಾಪತ್ರಯ. ಮೊತ್ತ ತುಂಬಿದರು, ಚೆಕ್ಕು ಬ್ಯಾಂಕಿಗೆ ಹಾಕಿದರು. ಹಣವಿಲ್ಲವೆಂದು ವಾಪಸ್ ಬಂತು.

ಇಲ್ಲಿಂದ ಮುಂದೆ ಗಡಿಯಾರ ಓಡುತ್ತದೆ. ಚೆಕ್ಕು ವಾಪಸಾದ ಚೀಟಿ ಕೈಸೇರಿದ 30 ದಿನದೊಳಗೆ ನೋಟೀಸು. ನೋಟೀಸು ತಲುಪಿದ 15 ದಿನದೊಳಗೆ ಹಣ ಕೊಟ್ಟರೆ ಅಲ್ಲಿಗೆ ಮುಗಿಯಿತು. ಕೊಡದಿದ್ದರೆ ಮುಂದಿನ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ದೂರು. ವರ್ಗಾವಣೀಯ ಪತ್ರಗಳ ಕಾಯಿದೆಗೆ ಸೇರಿ, 1989ರ ಏಪ್ರಿಲಿನಿಂದ ಜಾರಿಗೆ ಬಂದ 138ನೇ ಕಲಮಿನ ಈಗಿನ ನಿಯಮ ಇದು. ತಪ್ಪು ರುಜುವಾತಾದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ.

"ನಾನು ಬರೆದಿದ್ದಲ್ಲ ಸ್ವಾಮಿ, ಖಾಲಿ ಚೆಕ್ಕು ಕೊಟ್ಟಿದ್ದೆ" ಎಂಬ ಮಾತು ಅಷ್ಟಾಗಿ ನಡೆಯುವುದಿಲ್ಲ. ತಾನಾಗಿ ರುಜು ಹಾಕಿ ಕೊಟ್ಟ ಖಾಲಿ ಚೆಕ್ಕಿಗೂ ಕಾಯಿದೆ ಅನ್ವಯಿಸುತ್ತದೆ, ಸಾಲವಿರಲಿಲ್ಲ ಎಂದು ತೋರಿಸುವ ಹೊಣೆ ಕೊಟ್ಟವನದೇ ಎಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ.

ಗಮನಿಸಬೇಕಾದ್ದು ಇಷ್ಟು. ಮದುವೆಯ ಸಾಲ ಮೊದಲು ಬರೀ ವ್ಯವಹಾರವಾಗಿತ್ತು. ಈಗ ಅದೇ ಕ್ರಿಮಿನಲ್ ಕೇಸು. ಹುಡುಗ ಕದ್ದಿಲ್ಲ, ಹೊಡೆದಿಲ್ಲ. ಆದರೂ 'ಕೇಸು ಬಾಕಿ ಇದೆಯೇ' ಎಂಬ ಕಾಲಂ ಎದುರಿಗೆ 'ಇಲ್ಲ' ಎಂದು ಬರೆಯುವ ಹಕ್ಕು ಅವನಿಗೆ ಹೋಯಿತು. ಹೊರದೇಶಕ್ಕೆ ಹೋಗೋಣವೆಂದರೆ ಪಾಸ್‌ಪೋರ್ಟಿಗೂ ಇದೇ ತಕರಾರು. ಕ್ರಿಮಿನಲ್ ಕೇಸು ಬಾಕಿ ಇದ್ದವರು ನ್ಯಾಯಾಲಯದ ಅಪ್ಪಣೆ ತರಬೇಕಾಗುತ್ತದೆ.

ಮುಚ್ಚಿಟ್ಟರೆ ಕೆಟ್ಟೆ

ಇಂಥ ಹೊತ್ತಿನಲ್ಲಿ ಬಸ್ ಸ್ಟ್ಯಾಂಡಿನ ವಕೀಲರು ಬಹಳ ಮಂದಿ ಸಿಗುತ್ತಾರೆ. "ಅಯ್ಯೋ, ಇಲ್ಲ ಅಂತ ಬರಿಯಲಾ, ಯಾವನ್ ನೋಡ್ತಾನೆ" ಎನ್ನುತ್ತಾರೆ. ನೌಕರಿ ಕಳೆಯುವುದಕ್ಕೆ ಇದಕ್ಕಿಂತ ಒಳ್ಳೆ ಉಪಾಯ ಇನ್ನೊಂದಿಲ್ಲ. ಫಾರಮ್ಮಿನ ತಲೆಯ ಮೇಲೇ ಎಚ್ಚರಿಕೆ ಅಚ್ಚಾಗಿರುತ್ತದೆ: ಸುಳ್ಳು ಬರೆದರೂ, ನಿಜ ಮುಚ್ಚಿಟ್ಟರೂ ಅದೇ ಅನರ್ಹತೆ. ಫಾರಂ ಕೊಟ್ಟ ಮೇಲೆ ಮೊಕದ್ದಮೆ ಆದರೂ ಕೂಡಲೇ ತಿಳಿಸಬೇಕು.

2016ರ ಜುಲೈನಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಈ ವಿಷಯವನ್ನೆಲ್ಲ ಜಾಲಿಸಿ ಸೋಸಿತು. ಸಾರಾಂಶ ಇದು: ಅಭ್ಯರ್ಥಿ ಕೊಡುವ ಮಾಹಿತಿ ನಿಜವಾಗಿರಬೇಕು. ಮುಚ್ಚಿಟ್ಟದ್ದು ತೀರ ಸಣ್ಣ ವಿಷಯವಾಗಿದ್ದರೆ ನೌಕರಿ ಕೊಡುವವರು ಮನ್ನಿಸಬಹುದು. ನಿಜ ಹೇಳಿದರೆ ಕೆಲಸ ಕೊಡಲೇಬೇಕೆಂದೇನೂ ಇಲ್ಲ, ಪೂರ್ವಾಪರ ನೋಡಿ ತೀರ್ಮಾನಿಸುವ ಅಧಿಕಾರ ಅವರಿಗಿದೆ. ಆದರೆ ಕಣ್ಣುಮುಚ್ಚಿ ತೆಗೆದುಹಾಕುವಂತಿಲ್ಲ, ವಿವೇಚಿಸಬೇಕು.

ನಿಜ ಬರೆದವನಿಗೆ ವಾದಿಸಲು ಒಂದು ಬಾಯಿ ಉಳಿದಿರುತ್ತದೆ. "ಹೌದು, ಚೆಕ್ಕಿನ ಕೇಸಿತ್ತು, ರಾಜಿಯಾಗಿದೆ, ಇಗೋ ಆದೇಶದ ನಕಲು" ಎಂದು ಹೇಳಬಹುದು. ಸುಳ್ಳು ಬರೆದವನು ಸಾಲಗಾರನಾಗಿ ಸಿಕ್ಕಿಬೀಳುವುದಿಲ್ಲ, ಸುಳ್ಳುಗಾರನಾಗಿ ಸಿಕ್ಕಿಬೀಳುತ್ತಾನೆ.

ಬ್ಯಾಂಕ್ ನೌಕರಿಯ ಲೆಕ್ಕವೇ ಬೇರೆ

ಇಲ್ಲಿಯವರೆಗೆ ಹೇಳಿದ್ದು ಕೋರ್ಟಿಗೆ ಹೋದ ಸಾಲದ ಮಾತು. ಬ್ಯಾಂಕಿನ ಕೆಲಸಕ್ಕೆ ಹೋಗುವವರಿಗೆ ಕೋರ್ಟಿನ ತನಕವೂ ಹೋಗಬೇಕಾಗಿಲ್ಲ. ಯಾರು ಎಷ್ಟು ಸಾಲ ತಂದರು, ಯಾವ ತಿಂಗಳು ಕಂತು ತಪ್ಪಿತು ಎಂದು ದಾಖಲಿಸುವ ನಾಲ್ಕು ಸಂಸ್ಥೆಗಳು ದೇಶದಲ್ಲಿವೆ. 2000ದಲ್ಲಿ ಹುಟ್ಟಿದ ಸಿಬಿಲ್ ಹೆಸರು ಎಲ್ಲರಿಗೂ ಗೊತ್ತು. 300ರಿಂದ 900ರವರೆಗೆ ಅಂಕ. ಹೆಚ್ಚಿದ್ದಷ್ಟೂ ಒಳ್ಳೆಯದು. ಬ್ಯಾಂಕುಗಳ ನೇಮಕಾತಿ ಪ್ರಕಟಣೆಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಷರತ್ತು ಇರುತ್ತದೆ: ಕೆಲಸಕ್ಕೆ ಸೇರುವಾಗ ಸಾಲದ ಚರಿತ್ರೆ ಸರಿಯಿರಬೇಕು, ಇಲ್ಲವೇ ಸಾಲ ಕೊಟ್ಟವರಿಂದ ಬಾಕಿ ಇಲ್ಲವೆಂಬ ಪತ್ರ ತರಬೇಕು.

ಷರತ್ತು ಬರೀ ಅಲಂಕಾರಕ್ಕಲ್ಲ. ಸ್ಟೇಟ್ ಬ್ಯಾಂಕಿನ ಅಧಿಕಾರಿ ಹುದ್ದೆಗೆ ಆಯ್ಕೆಯಾಗಿದ್ದ ತಮಿಳುನಾಡಿನ ಅಭ್ಯರ್ಥಿಯೊಬ್ಬರ ನೇಮಕವನ್ನು ಹಳೆಯ ಸಾಲಗಳ ಕೆಟ್ಟ ದಾಖಲೆ ನೋಡಿ 2021ರಲ್ಲಿ ರದ್ದು ಮಾಡಲಾಯಿತು. ಸಾಲವನ್ನೆಲ್ಲ ತೀರಿಸಿದ್ದೇನೆಂದು ಅವರು ಕೋರ್ಟಿಗೆ ಹೋದರು. 2025ರ ಜೂನಿನಲ್ಲಿ ಮದರಾಸು ಹೈಕೋರ್ಟು ಬ್ಯಾಂಕಿನ ಪರವಾಗಿಯೇ ತೀರ್ಪು ಕೊಟ್ಟಿತು. ಸಾರ್ವಜನಿಕರ ಹಣ ನೋಡಿಕೊಳ್ಳುವವರಿಗೆ ಸ್ವಂತ ಹಣದಲ್ಲಿ ಶಿಸ್ತು ಇರಬೇಕೆಂಬುದು ವಾದ. ತೀರಿಸಿದ್ದರೂ ಹೀಗಾಯಿತೆಂದರೆ, ಮೊಬೈಲಿನ ಕಂತು ಬಿಟ್ಟು ಸಿಮ್ ಬದಲಿಸಿಕೊಂಡು ಓಡಾಡುವ ಹುಡುಗರು ಸ್ವಲ್ಪ ಯೋಚಿಸಬೇಕು.

ಕೆಲಸ ಸಿಕ್ಕ ಮೇಲೂ ಬಿಡದು

ಕೆಲಸ ಸಿಕ್ಕಿತು, ಇನ್ನೇನು ಎಂದು ಕಾಲು ಚಾಚುವಂತಿಲ್ಲ. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳಲ್ಲಿ 17ನೇ ನಿಯಮ ಸಾಲದ ಬಗ್ಗೆಯೇ ಇದೆ. ನೌಕರ ತನ್ನ ಮನೆವಾರ್ತೆಯನ್ನು ಸದಾ ಸಾಲದಲ್ಲಿ ಮುಳುಗದಂತೆ, ದಿವಾಳಿಯಾಗದಂತೆ ನಡೆಸಬೇಕು. ಸಾಲ ವಸೂಲಿಗೆ ತನ್ನ ಮೇಲೆ ದಾವೆ ಬಿದ್ದರೆ ಕೂಡಲೇ ಪೂರ್ತಿ ವಿವರ ಸರ್ಕಾರಕ್ಕೆ ತಿಳಿಸಬೇಕು. ರಾಜ್ಯ ಸರ್ಕಾರಿ ನೌಕರರ ನಡತೆ ನಿಯಮಗಳಲ್ಲೂ ಇಂಥದೇ ಕಟ್ಟಳೆ ಇದೆ.

ತಿಳಿಸದೆ ಕುಳಿತರೂ ಕಚೇರಿಗೆ ತಿಳಿಯದೆ ಇರುವುದಿಲ್ಲ. ಸಾಲಕೊಟ್ಟವರು ಡಿಕ್ರಿ ತಂದರೆ ಸಂಬಳ ಜಪ್ತಿಯ ಆದೇಶ ನೇರ ಕಚೇರಿಗೇ ಬರುತ್ತದೆ. ಅದರಲ್ಲೂ ಮಿತಿಯಿದೆ. ಮೊದಲ 1,000 ರೂ. ಮತ್ತು ಉಳಿದುದರ ಮೂರರಲ್ಲಿ ಎರಡು ಭಾಗವನ್ನು ಮುಟ್ಟುವಂತಿಲ್ಲ. ಜಪ್ತಿಗೆ ಲೆಕ್ಕ ಹಿಡಿಯುವ ಸಂಬಳ 31,000 ರೂ. ಎಂದರೆ 21,000 ರೂ. ಮನೆಗೆ, 10,000 ರೂ. ಸಾಲಗಾರರಿಗೆ. ಒಂದೇ ಡಿಕ್ರಿಗೆ 24 ತಿಂಗಳಿಗಿಂತ ಹೆಚ್ಚು ಹಿಡಿಯುವಂತಿಲ್ಲ. ದುಡ್ಡು ಹೋದರೆ ಹೋಗಲಿ, ಸಂಬಳದ ಗುಮಾಸ್ತರ ಮೇಜಿನ ಮೇಲೆ ಆ ಕಾಗದ ಕುಳಿತ ದಿನ ಆಗುವ ಮುಖಭಂಗಕ್ಕೆ ಮಿತಿ ಹಾಕುವ ಕಾನೂನಿಲ್ಲ.

ಬಡವನ ಸಾಲ, ಷೋಕಿಯ ಸಾಲ

17ನೇ ನಿಯಮದ ಕೆಳಗೆ ಒಂದು ಟಿಪ್ಪಣಿ ಇದೆ. ಮುನ್ಸೂಚನೆಯಿಲ್ಲದೆ ಬಂದ ಕಷ್ಟದಿಂದ, ಕೈಮೀರಿದ ಕಾರಣದಿಂದ ಸಾಲವಾಯಿತೇ, ಇಲ್ಲಾ ದುಂದು ದುರಭ್ಯಾಸದಿಂದ ಆಯಿತೇ ಎಂಬ ಭೇದ ಅದರಲ್ಲಿದೆ. ಅಮೆರಿಕದವರ ಅಳತೆಗೋಲಿನಲ್ಲೂ ಇದೇ ಭೇದ ಉಂಟು. ಕಾಯಿಲೆ, ಸಾವು, ಕೆಲಸ ಹೋದದ್ದು, ವ್ಯಾಪಾರ ಬಿದ್ದದ್ದು ಕಾರಣವಾಗಿದ್ದು, ತೀರಿಸಲು ಪ್ರಾಮಾಣಿಕವಾಗಿ ಒದ್ದಾಡುತ್ತಿದ್ದರೆ ಅದನ್ನು ಪರಿಗಣಿಸುತ್ತಾರೆ.

ಮಾತು ನ್ಯಾಯವಾಗಿಯೇ ಇದೆ. ಆದರೆ ಕಷ್ಟದಿಂದ ಆದ ಸಾಲವೆಂದು ತೋರಿಸುವ ಹೊಣೆ ನೌಕರನ ತಲೆಯ ಮೇಲೇ ಇದೆ. ಇಲ್ಲೇ ನಮ್ಮ ಕಡೆಯವರು ಸೋಲುವುದು. ಹೊಗೆಸೊಪ್ಪು ಬೆಳೆದವರ ಕಷ್ಟ ಹೋಬಳಿಗೆಲ್ಲ ಗೊತ್ತು. ಬ್ಯಾರನ್ನಿಗೆ ಸೌದೆ, ಗೊಬ್ಬರ, ಕೂಲಿ ಎಲ್ಲ ಸಾಲದಲ್ಲೇ. ಹರಾಜಿನಲ್ಲಿ ರೇಟು ಬಿದ್ದರೆ ವರ್ಷದ ಬಾಳೇ ಬಿತ್ತು. ಶುಂಠಿಗೆ ಕೊಳೆರೋಗ, ಆಲೂಗಡ್ಡೆಗೆ ಅಂಗಮಾರಿ ಬಂದರೂ ಇದೇ ಪಾಡು. ಇದಕ್ಕಿಂತ ಕೈಮೀರಿದ ಕಾರಣ ಯಾವುದಿದ್ದೀತು? ಆದರೆ ಅದಕ್ಕೆ ಕಾಗದ ಯಾರ ಮನೆಯಲ್ಲಿದೆ? ಹರಾಜಿನ ಚೀಟಿ ಒಲೆಗೆ, ಆಸ್ಪತ್ರೆ ಬಿಲ್ಲು ಕಸಕ್ಕೆ, ಕೈಸಾಲ ಬಾಯಿಮಾತಿಗೆ. ಷೋಕಿಗೆ ಬೈಕು ಕೊಂಡವನ ಹತ್ತಿರ ಎಲ್ಲ ರಸೀತಿ ಜೋಪಾನ, ಕಷ್ಟಕ್ಕೆ ಸಾಲ ಮಾಡಿದವನ ಹತ್ತಿರ ಒಂದು ತುಂಡು ಚೀಟಿಯಿಲ್ಲ.

ಒಂದು ಸಮಾಧಾನ ಉಂಟು. ಅಪ್ಪನ ಸಾಲ ಅಪ್ಪನದು. ಮಗ ಜೊತೆಸಾಲಗಾರನಾಗಿಯೋ ಜಾಮೀನುದಾರನಾಗಿಯೋ ರುಜು ಹಾಕದಿದ್ದರೆ ಅವನ ಹೆಸರಿಗೆ ಅದು ಬರುವುದಿಲ್ಲ. ರುಜು ಹಾಕಿದ್ದರೆ ಮಾತ್ರ ತಪ್ಪಿಸಿಕೊಳ್ಳುವಂತಿಲ್ಲ. 1872ರ ಕರಾರು ಕಾಯಿದೆ ಪ್ರಕಾರ ಜಾಮೀನು ನಿಂತವನ ಹೊಣೆ ಸಾಲ ಪಡೆದವನ ಹೊಣೆಯಷ್ಟೇ. "ಬರೀ ಒಂದ್ ಸೈನ್ ಹಾಕ್ಲಾ, ನಿಂಗೇನ್ ಆಗಲ್ಲ" ಎಂದು ಓದುವ ಹುಡುಗನನ್ನು ಬ್ಯಾಂಕಿಗೆ ಕರೆದೊಯ್ಯುವ ಮಾವಂದಿರು ಇದನ್ನು ತಿಳಿದಿರಬೇಕು.

ಏನು ಮಾಡಬೇಕು?

ಕೇಸು ಇನ್ನೂ ಆಗಿಲ್ಲ, ನೋಟೀಸು ಮಾತ್ರ ಬಂದಿದೆ ಎಂದರೆ ಆ 15 ದಿನವೇ ಬಂಗಾರ. ನೋಟೀಸು ತೆಗೆದುಕೊಳ್ಳದೆ ಅಂಚೆಯವರನ್ನು ವಾಪಸ್ ಕಳಿಸಿದರೆ ಕೇಸು ನಿಲ್ಲುವುದಿಲ್ಲ. ಕೇಸು ಆಗಿದ್ದರೂ ಚೆಕ್ಕಿನ ಪ್ರಕರಣ ರಾಜಿಗೆ ಬರುವಂಥದ್ದು. ಲೋಕ ಅದಾಲತಿನಲ್ಲಿ ಎರಡೂ ಕಡೆಯವರು ಒಪ್ಪಿ ಮುಗಿಸಿದರೆ ಮೇಲೆ ಅಪೀಲಿಲ್ಲ. ರಾಜಿಯಾದ ಮೇಲೆ ಆದೇಶದ ಪ್ರಮಾಣೀಕೃತ ನಕಲು ತೆಗೆದಿಡಬೇಕು.

ಸಿಬಿಲ್ ಮುಂತಾದ ಆ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಬಿಟ್ಟಿಯಾಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ನೌಕರಿಗೆ ಅರ್ಜಿ ಹಾಕುವ ಮೊದಲೇ ತೆಗೆದು ನೋಡಬೇಕು. ತೀರಿಸಿದ ಸಾಲ ಬಾಕಿ ಎಂದೇ ಇದ್ದರೆ ದೂರು ಕೊಡಬಹುದು. 30 ದಿನದಲ್ಲಿ ಸರಿಪಡಿಸದಿದ್ದರೆ ದಿನಕ್ಕೆ 100 ರೂ. ಪರಿಹಾರ ಕೊಡಬೇಕೆಂದು 2024ರ ಏಪ್ರಿಲಿನಿಂದ ಕಟ್ಟಳೆಯಾಗಿದೆ. ಇನ್ನೊಂದು ಮಾತು. "ಅರ್ಧ ಕಟ್ಟಿ, ಸೆಟ್ಲ್‌ಮೆಂಟ್ ಮಾಡ್ಕೊಳ್ಳಿ" ಎಂಬ ಫೋನು ಬಂದರೆ ಹಿಗ್ಗಬಾರದು. ಪೂರ್ತಿ ತೀರಿದ್ದಕ್ಕೂ ಚೌಕಾಸಿ ಮಾಡಿ ಮುಗಿಸಿದ್ದಕ್ಕೂ ದಾಖಲೆಯಲ್ಲಿ ಬೇರೆ ಬೇರೆ ಮಾತು ಬರೆಯುತ್ತಾರೆ.

ವಸೂಲಿಗೆ ಮನೆ ಬಾಗಿಲಲ್ಲಿ ಕೂಗಾಡುವ ಕಿರುಸಾಲದವರಿಗೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದು ಕಡಿವಾಣ ಹಾಕಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂ.ವರೆಗೆ ದಂಡ. ಆದರೆ ಕಿರುಕುಳ ನಿಂತರೆ ಸಾಲ ತೀರಿದಂತಲ್ಲ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಸಂಸ್ಥೆಯ ಬಾಕಿ ಬಾಕಿಯಾಗಿಯೇ ಇರುತ್ತದೆ, ದಾಖಲೆಯಲ್ಲೂ ಇರುತ್ತದೆ.

ಅಂಗಡಿಯವರಿಗೂ ಒಂದು ಮಾತು. ಕೊಟ್ಟ ದುಡ್ಡು ಕೇಳುವುದು ತಪ್ಪಲ್ಲ, ಅವರ ಮನೆಯೂ ನಡೆಯಬೇಕು. ಆದರೆ ಕೇಸು ಬಿದ್ದು ಹುಡುಗನ ಕೆಲಸ ಹೋದರೆ ಸಾಲ ತೀರಿಸುವ ದಾರಿಯೂ ಹೋಯಿತು. ಕೆಲಸಕ್ಕೆ ಸೇರಿದವನು ತಿಂಗಳಿಗಿಷ್ಟು ಎಂದು ಬರೆದುಕೊಟ್ಟರೆ ಅದು ಕೋರ್ಟಿನ ತಾರೀಖಿಗಿಂತ ಬೇಗ ಕೈಗೆ ಬರುತ್ತದೆ. ತೀರಿದ ದಿನ ಆ ಖಾಲಿ ಚೆಕ್ಕನ್ನು ಹಿಂದಕ್ಕೆ ಕೊಟ್ಟು, "ಬಾಕಿ ಇಲ್ಲ" ಎಂದು ಎರಡು ಸಾಲು ಬರೆದುಕೊಡಬೇಕು. ಎಷ್ಟೋ ಅಂಗಡಿಗಳ ಗೋಡೆಯ ಮೇಲೆ 'ಇಂದು ನಗದು, ನಾಳೆ ಉದ್ರಿ' ಎಂಬ ಬೋರ್ಡಿದೆ. ಅದರ ಪಕ್ಕ ಈ ಎರಡು ಸಾಲಿನ ರಸೀತಿ ಪುಸ್ತಕವೂ ಇದ್ದರೆ, ಬೆಳಗಿನ ಬಸ್ಸಿಗೆ ಕಾಯುವ ಹುಡುಗನ ಪ್ಲಾಸ್ಟಿಕ್ ಕವರಿನಲ್ಲಿ ಮಾರ್ಕ್ಸ್ ಕಾರ್ಡಿನ ಜೊತೆಗೆ ಅದೂ ಒಂದು ಕಾಗದವಾಗಿ ಹೋಗುತ್ತದೆ.